ಇಳಯರಾಜರ ಸಂಗೀತ ಮತ್ತು ಕನ್ನಡದ ಗರಡಿ

ಕಳೆದ ರಾಜ್ಯೋತ್ಸವದ ಗಾಯನ ಕಾರ್ಯಕ್ರಮದಲ್ಲಿ ನಿರೂಪಣೆಯ ಹೊಣೆ ನನ್ನ ಪಾಲಿಗೆ ಬಂದಿತ್ತು. ‘ಕಸ್ತೂರಿ ನಿವಾಸ’ದ ಗೀತೆಯೊಂದನ್ನು ಪರಿಚಯಿಸುವಾಗ, ಯಾರೋ ಹೇಳಿದ್ದನ್ನು ನಂಬಿ, ಇದರ ಸಂಗೀತ ವಾಸ್ತವವಾಗಿ ಇಳಯರಾಜರದೇ ಎಂದು ಘೋಷಿಸಿಬಿಟ್ಟೆ. ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಸಂಘದ ಹಿರಿಯರೊಬ್ಬರು ಹತ್ತಿರ ಕರೆದು, “ಹಾಗಾದರೆ ಜಿ. ಕೆ. ವೆಂಕಟೇಶ್ ಏನು ಮಾಡಿದರಪ್ಪಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ರಕ್ತದೊತ್ತಡ, ಮಧುಮೇಹಗಳ ಲೇಖನಗಳ ನಡುವೆ ಈ ಬರಹ ಸ್ಥಳ ಬೇಡುತ್ತಿರುವುದು ಆ ಪ್ರಶ್ನೆಯ ಸಲುವಾಗಿ. ಲೇಖಕನು ವಾಣಿಜ್ಯ ಪದವೀಧರ, ಸಂಗೀತದಲ್ಲಿ ಕೇವಲ ಶ್ರೋತೃ ಎಂಬುದನ್ನು ವಾಚಕರಲ್ಲಿ ಮೊದಲೇ ನಿವೇದಿಸಿಕೊಳ್ಳುತ್ತೇನೆ.

ಇಳಯರಾಜರು 1943ರಲ್ಲಿ ತಮಿಳುನಾಡಿನ ಇಂದಿನ ತೇನಿ ಜಿಲ್ಲೆಯ ಪಣ್ಣೈಪುರದಲ್ಲಿ ಜನಿಸಿದರು. ಅಣ್ಣ ಪಾವಲರ್ ವರದರಾಜನ್ ಅವರ ಮೇಳದೊಡನೆ ಊರೂರು ಸುತ್ತಿ, 1960ರ ದಶಕದ ಕೊನೆಯಲ್ಲಿ ಮದರಾಸನ್ನು ಸೇರಿದರು. ಅಲ್ಲಿ ಧನರಾಜ್ ಮಾಸ್ಟರರಿಂದ ಪಾಶ್ಚಾತ್ಯ ಸಂಗೀತವನ್ನೂ ಅದರ ಸ್ವರಲಿಪಿಯನ್ನೂ ಕಲಿತರು. ಜೀವನೋಪಾಯಕ್ಕಾಗಿ ವಾದ್ಯ ನುಡಿಸುತ್ತಿದ್ದ ಈ ತರುಣನು ಜಿ. ಕೆ. ವೆಂಕಟೇಶರ ಸಹಾಯಕನಾದನು. ಈ ಸಹಾಯಕ ವೃತ್ತಿಯಲ್ಲಿ ಅವರು ದುಡಿದ ಚಿತ್ರಗಳು ಸುಮಾರು 200. ಅವುಗಳಲ್ಲಿ ಹೆಚ್ಚಿನವು ಕನ್ನಡದವು. 1976ರಲ್ಲಿ ‘ಅನ್ನಕ್ಕಿಳಿ’ ಚಿತ್ರವು ಅವರನ್ನು ಒಮ್ಮೆಲೇ ತಮಿಳರ ಮನೆಮಾತಾಗಿಸಿತು. ಅಲ್ಲಿಂದ ಮುಂದಿನ ಕಥೆ, ಐದು ರಾಷ್ಟ್ರಪ್ರಶಸ್ತಿಗಳು, 2018ರ ಪದ್ಮವಿಭೂಷಣ, 2025ರಲ್ಲಿ ಲಂಡನ್ನಿನ ಸಿಂಫನಿ, ಎಲ್ಲರಿಗೂ ತಿಳಿದುದೇ.

ಸಹಾಯಕನ ಕೆಲಸವೇನು? ನಿರ್ದೇಶಕನು ಹಾಡಿನ ಧಾಟಿಯನ್ನು ಕಟ್ಟುತ್ತಾನೆ. ಆ ಧಾಟಿಗೆ ಪಿಟೀಲುಗಳು ಎಲ್ಲಿ ಸೇರಬೇಕು, ಕೊಳಲು ಎಲ್ಲಿ ಉತ್ತರಿಸಬೇಕು, ಪಲ್ಲವಿ ಚರಣಗಳ ನಡುವಣ ವಾದ್ಯಭಾಗ ಹೇಗಿರಬೇಕು ಎಂಬುದನ್ನು ಹಾಳೆಯ ಮೇಲೆ ಬರೆದು ವಾದಕರಿಗೆ ಹಂಚುವವನು ಸಹಾಯಕ. ವೆಂಕಟೇಶರು ಕೊಟ್ಟ ಧಾಟಿಯ ರೇಖೆಗಳಿಗೆ ಇಳಯರಾಜರು ವಾದ್ಯಗಳ ಮೈತುಂಬಿದರು. ಧ್ವನಿಮುದ್ರಣದ ಬಿಡುವಿನಲ್ಲಿ ತಮ್ಮ ಸ್ವಂತ ರಚನೆಗಳನ್ನು ವಾದಕರ ಕೈಗಿತ್ತು ನುಡಿಸಿ ನೋಡುತ್ತಿದ್ದರಂತೆ. ಇಂತಹ ಗರಡಿ ಕಾಲೇಜುಗಳಲ್ಲಿ ದೊರೆಯುವುದಲ್ಲ.

ನಾಸಿಕದಿಂದ ತ್ರ್ಯಂಬಕೇಶ್ವರದ ಶಾಖೆಗೆ ನಿತ್ಯ ಹೋಗಿಬರುವ ದಾರಿಯಲ್ಲಿ ಈ ಗುರುಶಿಷ್ಯರ ಹಾಡುಗಳನ್ನು ಮೂರು ತಿಂಗಳು ಸರದಿಯಂತೆ ಕೇಳಿದೆನು. ನನ್ನ ಘೋಷಣೆಯ ತಪ್ಪು ಅಲ್ಲಿ ಸ್ಪಷ್ಟವಾಯಿತು. ವೆಂಕಟೇಶರ ‘ಮಹಿಷಾಸುರ ಮರ್ದಿನಿ’ 1959ರದು. ಅ. ನ. ಕೃ. ಅವರ ಕಾದಂಬರಿಯನ್ನಾಧರಿಸಿದ ‘ಸಂಧ್ಯಾರಾಗ’ 1966ರದು. ಬಾಲಮುರಳಿಕೃಷ್ಣರ ಪಾಲೂ ಇದ್ದ ಆ ಸಂಗೀತಕ್ಕೆ ನಮ್ಮ ಗದಗಿನ, ಪುಣೆಯಲ್ಲಿ ನೆಲೆಸಿದ್ದ ಭೀಮಸೇನ ಜೋಶಿಯವರು ಕಂಠ ನೀಡಿದರು. ಇಳಯರಾಜರು ಆಗಿನ್ನೂ ಮದರಾಸಿಗೇ ಬಂದಿರಲಿಲ್ಲ! ಶಿಷ್ಯನು ಸ್ವತಂತ್ರನಾದ ಮೇಲೆ, 1977ರ ‘ಸನಾದಿ ಅಪ್ಪಣ್ಣ’ದಲ್ಲಿ, ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ಚಿತ್ರಗೀತೆಗೆ ತಂದವರೂ ಇದೇ ವೆಂಕಟೇಶರು. ಅವರ ಧಾಟಿಯಲ್ಲಿ ಗಾಯಕನೇ ಯಜಮಾನ. ವಾದ್ಯಗಳು ಅವನ ಹಿಂದೆ ವಿನಯದಿಂದ ನಡೆಯುತ್ತವೆ.

ಇಳಯರಾಜರಲ್ಲಿ ಹಾಗಲ್ಲ. ಶಂಕರ್‌ನಾಗ್ ನಿರ್ದೇಶನದ ‘ಗೀತಾ’ (1981) ಅಥವಾ ಮಣಿರತ್ನಂ ಅವರ ಮೊದಲ ಚಿತ್ರವಾದ ‘ಪಲ್ಲವಿ ಅನುಪಲ್ಲವಿ’ (1983) ಇವುಗಳ ಹಾಡುಗಳನ್ನು, ಗಾಯಕರನ್ನು ಬದಿಗಿಟ್ಟು, ಒಮ್ಮೆ ಕೇಳಿ ನೋಡಿರಿ. ಕೆಳಗಿನ ಬೇಸ್ ಗಿಟಾರ್ ತನ್ನದೇ ಇನ್ನೊಂದು ರಾಗವನ್ನು ಹಾಡುತ್ತಿರುತ್ತದೆ. ಪಿಟೀಲುಗಳ ಗುಂಪು ಗಾಯಕನೊಡನೆ ಸಾಗದೆ ಎದುರು ದಿಕ್ಕಿನಿಂದ ಬಂದು ಸೇರುತ್ತದೆ. ಮೊದಲನೆಯ ಚರಣದ ಮುಂಚಿನ ವಾದ್ಯಭಾಗ ಎರಡನೆಯದಕ್ಕೆ ಮುನ್ನ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಅಲ್ಲಿ ಹೊಸತೊಂದು ತೆರೆದುಕೊಳ್ಳುತ್ತದೆ. ಪಾಶ್ಚಾತ್ಯರ ಈ ಬಹುಸ್ವರ ಕ್ರಮದೊಳಕ್ಕೆ ಹಳ್ಳಿಯ ತಾಳವನ್ನೂ ಕರ್ನಾಟಕ ರಾಗವನ್ನೂ ಕೂಡಿಸಿದ್ದು ಅವರ ವಿಶೇಷ. ‘ಸಿಂಧುಭೈರವಿ’ಯಲ್ಲಿ (1985) ಕಲ್ಯಾಣಿಯ ಆರೋಹಣ ಸ್ವರಗಳಿಂದಲೇ ಒಂದು ಹಾಡನ್ನು ಪೂರ್ತಿಯಾಗಿ ಕಟ್ಟಿದ್ದಾರೆ. ‘ಪಲ್ಲವಿ ಅನುಪಲ್ಲವಿ’ಯ ಗಿಟಾರ್ ಸ್ವರಪುಂಜವಂತೂ ಎರಡು ದಶಕಗಳ ಅನಂತರ ಮೊಬೈಲ್ ಕಂಪನಿಯೊಂದರ ಜಾಹೀರಾತಾಗಿ ದೇಶವನ್ನೆಲ್ಲ ಸುತ್ತಿತು. ಕೇಳಿದ ನಮ್ಮ ಮರಾಠಿ ನೆರೆಯವರಿಗೆ ಅದು ಕನ್ನಡದ್ದೆಂದು ಇಂದಿಗೂ ಗೊತ್ತಿಲ್ಲ.

ಬ್ಯಾಂಕಿನಲ್ಲಿ ವೋಚರನ್ನು ಸಿದ್ಧಪಡಿಸಿದವನೂ ಪರಿಶೀಲಿಸಿ ಒಪ್ಪಿದವನೂ ಇಬ್ಬರೂ ಸಹಿ ಮಾಡಬೇಕು. ಚಿತ್ರರಂಗದಲ್ಲಿ ಒಂದೇ ಸಹಿ. ಆದ್ದರಿಂದ 1970ರ ದಶಕದ ಆರಂಭದ ಕನ್ನಡ ಹಾಡುಗಳಲ್ಲಿ ಇಳಯರಾಜರ ಕೈಬರಹವಿದ್ದರೂ ಹೆಸರಿಲ್ಲವೆಂಬ ಅಭಿಮಾನಿಗಳ ಕೊರಗು ನ್ಯಾಯವಾದುದೇ. ಆದರೆ ಆ ಬಾಕಿಯನ್ನು ತೀರಿಸಲು ಗುರುವಿನ ಖಾತೆಯಿಂದ ಎಲ್ಲವನ್ನೂ ವರ್ಗಾಯಿಸಿಬಿಡುವುದು ನನ್ನ ಮಟ್ಟಿಗೆ ಸರಿಯೆನಿಸದು. ಧಾಟಿ ಅವರದು, ಹೊಣೆ ಅವರದು. ಸಹಾಯಕನಿಗೆ ಅಷ್ಟು ಸ್ವಾತಂತ್ರ್ಯವನ್ನಿತ್ತ ಔದಾರ್ಯವೂ ಅವರದು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜಕುಮಾರರಿಂದ ಹಾಡಿಸಿ, ಆ ಕಂಠಕ್ಕೆ ಕನ್ನಡ ಚಿತ್ರರಂಗದಲ್ಲಿ ಬಾಗಿಲು ತೆರೆದವರು ಅವರು. 1981ರ ‘ನೀ ನನ್ನ ಗೆಲ್ಲಲಾರೆ’ಗೆ ಇಳಯರಾಜರು ಸಂಗೀತ ನೀಡುವ ಹೊತ್ತಿಗೆ ಆ ಗಾಯಕ ರಾಜಕುಮಾರರು ಸಿದ್ಧರಾಗಿದ್ದರು.

ವೆಂಕಟೇಶರು 1993ರಲ್ಲಿ ತೀರಿಕೊಂಡರು. ಬರುವ ರಾಜ್ಯೋತ್ಸವದಲ್ಲಿಯೂ ನಿರೂಪಣೆ ನನ್ನದೇ ಎಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ‘ಕಸ್ತೂರಿ ನಿವಾಸ’ದ ಆ ಗೀತೆಯನ್ನು ಇನ್ನೊಮ್ಮೆ ಹಾಡಿಸಬೇಕೆಂದೂ, ಮುಂದಿನ ಸಾಲಿನಲ್ಲಿ ಆ ಹಿರಿಯರಿಗೆ ಒಂದು ಆಸನವನ್ನು ಕಾದಿರಿಸಬೇಕೆಂದೂ ಅವರಲ್ಲಿ ವಿನಂತಿಸಿಕೊಂಡಿದ್ದೇನೆ.