ನಲವತ್ತು ದಾಟಿದವರ ಮೈಚರ್ಮದ ಆರೈಕೆ



ಬೀಜೋಪಚಾರ, ಗೊಬ್ಬರ, ಕಳೆಗಳ ವಿಷಯವನ್ನು ಬರೆಯತಕ್ಕ ಈ ಪುಟದಲ್ಲಿ ಮುಖಕ್ಕೆ ಹಚ್ಚುವ ಎಣ್ಣೆಯ ಮಾತೇಕೆ ಎಂದು ಕೆಲವರು ನಗಬಹುದು. ನಗಲಿ. ಮಹಿಳಾ ಸಂಘದ ಸಭೆಗಳಲ್ಲಿ ರಾಗಿ ತಳಿಯ ಮಾತು ಮುಗಿದ ಮೇಲೆ ಯಾರಾದರೊಬ್ಬ ತಾಯಿ ಹಿಂದೆ ಉಳಿದು, "ಸೋಪು ಮುಟ್ಟಿಸಿದರೆ ಸಾಕು, ಮುಖವೆಲ್ಲ ಉರೀತದಪ್ಪಾ, ಏನು ಹಚ್ಚಲಿ?" ಎಂದು ಕೇಳುವುದು ವಾಡಿಕೆಯಾಗಿದೆ. ಗಂಡಸರು ಕೇಳುವುದಿಲ್ಲ, ಕುತ್ತಿಗೆ ಕೆರೆದುಕೊಂಡು ಸುಮ್ಮನಿರುತ್ತಾರೆ. ಸಂತೆಯಲ್ಲಿ ಕೊಂಡ ಕ್ರೀಮುಗಳಿಂದ ಕೆಲವರ ಮುಖಕ್ಕೆ ಆಗಿರುವ ಹಾನಿಯನ್ನು ಕಂಡ ಮೇಲಂತೂ ಈ ವಿಷಯವನ್ನು ಬರೆಯಲೇಬೇಕೆಂದು ತೋರಿತು.

ವಯಸ್ಸಾದಂತೆ ಚರ್ಮದಲ್ಲಿ ಆಗುವ ಬದಲಾವಣೆಯನ್ನು ಮೊದಲು ತಿಳಿಯೋಣ. ಚರ್ಮದ ಮೇಲ್ಪದರವು ಇಟ್ಟಿಗೆ ಗೋಡೆಯಂತೆ ಇರುತ್ತದೆ. ಸತ್ತ ಜೀವಕೋಶಗಳು ಇಟ್ಟಿಗೆಗಳಾದರೆ ಅವುಗಳ ನಡುವಿನ ಜಿಡ್ಡು ಗಾರೆ. ಒಳಗಿನ ತೇವ ಹೊರಗೆ ಹೋಗದಂತೆ, ಹೊರಗಿನ ಧೂಳು, ರೋಗಾಣುಗಳು ಒಳಗೆ ಬರದಂತೆ ಈ ಗೋಡೆ ತಡೆಯುತ್ತದೆ. ನಲವತ್ತು ನಲವತ್ತೈದು ದಾಟುವಾಗ ಈ ಗಾರೆ ಕಡಿಮೆಯಾಗುತ್ತಾ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲಕ್ಕೆ ಈ ಬದಲಾವಣೆ ಬೇಗ ಬೇಗನೆ ಆಗುತ್ತದೆ. ಚರ್ಮಕ್ಕೆ ಬಿಗಿಯನ್ನು ಕೊಡುವ ಕೊಲಾಜೆನ್ ಎಂಬ ನಾರಿನಂಥ ಪದಾರ್ಥವು ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿಯೇ ಸುಮಾರು ಶೇಕಡ ೩೦ರಷ್ಟು ಕಡಿಮೆಯಾಗುತ್ತದೆಂದು ವೈದ್ಯರು ಹೇಳುತ್ತಾರೆ. ಗಂಡಸರಲ್ಲಿ ಇದು ನಿಧಾನವಾಗಿ ಆಗುತ್ತದೆ. ಆದುದರಿಂದ ಇಪ್ಪತ್ತರ ವಯಸ್ಸಿನಲ್ಲಿ ಒಗ್ಗಿದ ಸೋಪು ಐವತ್ತರಲ್ಲಿ ಉರಿಯುವುದು ಸಹಜ. ಸೋಪು ಬದಲಾಗಿಲ್ಲ, ಮೈ ಬದಲಾಗಿದೆ.

ಇದು ಬರಿಯ ಅಂದದ ಪ್ರಶ್ನೆಯೆಂದು ತಿಳಿಯಬೇಡಿ. ಬೆಳೆಗೆ ಔಷಧಿ ಸಿಂಪಡಿಸುವವರ ಕೈಯ ಚರ್ಮ ಒಡೆದಿದ್ದರೆ ಆ ವಿಷ ಮೈಯೊಳಗೆ ಹೆಚ್ಚಾಗಿ ಇಳಿಯುತ್ತದೆ. ಹಿಮ್ಮಡಿ ಬಿರಿದು ಗದ್ದೆಯ ಕೆಸರಿಗೆ ಇಳಿದರೆ ಬಿರುಕಿನಲ್ಲಿ ಕೀವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಅಂಥ ಒಂದು ಬಿರುಕಿನಿಂದ ಕಾಲನ್ನೇ ಕಳೆದುಕೊಳ್ಳುವ ಪರಿಸ್ಥಿತಿ ಬರಬಹುದು.

ಇನ್ನು ತೊಳೆಯುವ ವಿಚಾರ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರದ ಅಂಕಿಯನ್ನು ನೀವು ನೋಡಿರುತ್ತೀರಿ. ೭ಕ್ಕಿಂತ ಕಡಿಮೆಯಾದರೆ ಹುಳಿ ಮಣ್ಣು, ಬಹಳ ಹೆಚ್ಚಾದರೆ ಚೌಳು. ನಮ್ಮ ಚರ್ಮದ ರಸಸಾರ ಸುಮಾರು ೫. ಅಂದರೆ ಅದು ಸ್ವಲ್ಪ ಹುಳಿ. ಸಾಧಾರಣ ಮೈ ಸೋಪಿನದು ೯ರಿಂದ ೧೦. ಬಟ್ಟೆ ಸೋಪು ಇನ್ನೂ ಕಟು. ಹುಳಿ ಮಣ್ಣಿಗೆ ದಿನಕ್ಕೆರಡು ಸಲ ಚೌಳು ನೀರು ಹಾಯಿಸಿದರೆ ಏನಾದೀತೋ ಅದೇ ಮುಖಕ್ಕೂ ಆಗುತ್ತದೆ. ಆದಕಾರಣ ಮುಖಕ್ಕೆ ಬೆಳಿಗ್ಗೆ ಬರಿಯ ನೀರು ಸಾಕು. ಸಂಜೆ ಹೊಲದಿಂದ ಬಂದ ಮೇಲೆ ಸೋಪಾಗಲಿ, ಹೆಸರು ಹಿಟ್ಟಾಗಲಿ ಒಂದು ಸಲ ಮಾತ್ರ. ಹಿಟ್ಟನ್ನು ಹಾಲಿನ ಕೆನೆಯಲ್ಲಿ ಕಲಸಿ ಮೃದುವಾಗಿ ಸವರಿ ತೊಳೆಯಬೇಕು. ಪಾತ್ರೆ ತಿಕ್ಕಿದಂತೆ ತಿಕ್ಕಬಾರದು. ಮೈಗಾದರೂ ಸೋಪು ಕಂಕುಳು, ತೊಡೆಸಂದು, ಪಾದಗಳಿಗೆ ಬೇಕು; ಕೆಸರು ಅಂಟದ ತೋಳು, ಬೆನ್ನಿಗೆ ದಿನವೂ ಬೇಕಾಗಿಲ್ಲ. ಔಷಧಿ ಸಿಂಪಡಿಸಿದ ದಿನ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಆ ದಿನ ತಡಮಾಡದೆ ಮೈಯೆಲ್ಲ ಸೋಪು ಹಚ್ಚಿ ತೊಳೆಯಲೇಬೇಕು. ಹಂಡೆಯ ಕುದಿಯುವಂಥ ನೀರನ್ನು ಹೊಯ್ದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಆಯಾಸ ಪರಿಹಾರವಾಗುವುದು ನಿಜ. ಆದರೆ ಚರ್ಮದ ಜಿಡ್ಡು ಅದರ ಜೊತೆಗೆ ಬಚ್ಚಲಿಗೆ ಹೋಗುತ್ತದೆ. ಉಗುರು ಬೆಚ್ಚಗಿನ ನೀರು ಒಳ್ಳೆಯದು.

ಮಿಂದ ಕೂಡಲೇ ಬಟ್ಟೆಯಿಂದ ಒತ್ತಿ ಒರೆಸಿ, ಮೈಯಲ್ಲಿ ಇನ್ನೂ ಪಸೆ ಇರುವಾಗಲೇ ಎಣ್ಣೆ ಹಚ್ಚಬೇಕು. ಇದರ ಗುಟ್ಟು ಇಷ್ಟೇ: ಎಣ್ಣೆ ತೇವವನ್ನು ಕೊಡುವುದಿಲ್ಲ, ಇದ್ದ ತೇವವನ್ನು ಹಿಡಿದಿಡುತ್ತದೆ. ತೆಂಗಿನ ಬುಡಕ್ಕೆ ಗರಿ, ಸಿಪ್ಪೆಗಳ ಹೊದಿಕೆ ಹಾಕುವಾಗ ಮಣ್ಣು ಒಣಗಿದ ಮೇಲೆ ಹಾಕುತ್ತೇವೆಯೇ? ಮಳೆ ಬಿದ್ದ ಹದದಲ್ಲಿ ಹಾಕುತ್ತೇವೆ. ಇದೂ ಹಾಗೆಯೇ. ಮನೆಯ ಗಾಣದ ಕೊಬ್ಬರಿ ಎಣ್ಣೆ ಹೆಚ್ಚಿನವರಿಗೆ ಒಗ್ಗುತ್ತದೆ. ಮುಖದಲ್ಲಿ ಮೊಡವೆ ಏಳುವವರು ಅದನ್ನು ಮುಖಕ್ಕೆ ಹಚ್ಚದೆ, ಔಷಧಿ ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕುವ ಗ್ಲಿಸರಿನ್ ಒಂದು ಪಾಲಿಗೆ ಮೂರು ಪಾಲು ಕಾಯಿಸಿ ಆರಿಸಿದ ನೀರು ಬೆರೆಸಿ ಹಚ್ಚಬಹುದು. ಆಯಾ ದಿನಕ್ಕೆ ಬೇಕಾದಷ್ಟೇ ಬೆರೆಸಿಕೊಳ್ಳಿ. ಒಡೆದ ಕೈಗೂ ಹಿಮ್ಮಡಿಗೂ ಪೆಟ್ರೋಲಿಯಂ ಜೆಲ್ಲಿಯೇ ಮೇಲು. ಹಿಮ್ಮಡಿಯನ್ನು ಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಜೆಲ್ಲಿ ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿದರೆ ಹದಿನೈದು ದಿನಗಳಲ್ಲಿ ಗುಣ ಕಾಣುತ್ತದೆ. ಸಕ್ಕರೆ ಕಾಯಿಲೆಯವರು ಕಾಲು ನೆನೆಸುವುದಾಗಲಿ, ಬ್ಲೇಡಿನಿಂದ ಹೆರೆಯುವುದಾಗಲಿ ಮಾಡಕೂಡದು. ನೀರಿನ ಬಿಸಿಯೇ ಅವರ ಕಾಲಿಗೆ ತಿಳಿಯದಿರಬಹುದು.

ತುಟಿ, ಬೆರಳಿನ ಸಂದುಗಳಿಗೆ ಮನೆಯಲ್ಲಿಯೇ ಒಂದು ಮುಲಾಮನ್ನು ಮಾಡಿಕೊಳ್ಳಬಹುದು. ಜೇನುಮೇಣ ಒಂದು ಪಾಲು, ಕೊಬ್ಬರಿ ಎಣ್ಣೆ ನಾಲ್ಕು ಪಾಲು. ಎರಡನ್ನೂ ಒಂದು ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿ, ಒಣಗಿದ ಡಬ್ಬಿಗೆ ಬಸಿದಿಟ್ಟರೆ ಗಟ್ಟಿಯಾಗುತ್ತದೆ. ನೇರ ಉರಿಯ ಮೇಲೆ ಇಡಬೇಡಿ. ಜೇನು ಸಾಕುವವರು ಹುಟ್ಟು ಹಿಂಡಿ ಮೇಣವನ್ನು ಬಿಸಾಡುವುದನ್ನು ನೋಡಿದರೆ ಸಂಕಟವಾಗುತ್ತದೆ.

ಬಿಸಿಲಿನ ಮಾತಿಗೆ ಬರೋಣ. ಸುಕ್ಕು, ಕಪ್ಪು ಚುಕ್ಕೆ, ಕೆನ್ನೆಯ ಮೇಲಿನ ಬಂಗು, ಇವುಗಳಲ್ಲಿ ವಯಸ್ಸಿನ ಪಾಲಿಗಿಂತ ಬಿಸಿಲಿನ ಪಾಲೇ ಹೆಚ್ಚು. ನಂಬದವರು ತಮ್ಮ ಮುಂಗೈಯ ಚರ್ಮವನ್ನೂ ಹೊಟ್ಟೆಯ ಚರ್ಮವನ್ನೂ ಪಕ್ಕಪಕ್ಕದಲ್ಲಿ ನೋಡಿಕೊಳ್ಳಲಿ. ಎರಡಕ್ಕೂ ಒಂದೇ ವಯಸ್ಸು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ವರೆಗೆ ಬಿಸಿಲಿನ ಕಿರಣಗಳು ತೀಕ್ಷ್ಣ. ಮೋಡವಿದ್ದರೂ ಸುಕ್ಕು ತರುವ ಕಿರಣಗಳು ಹಾದು ಬರುತ್ತವೆ. ಹೊಲದಲ್ಲಿ ದುಡಿಯುವವರು ನೆರಳಲ್ಲಿ ಕುಳಿತಿರಿ ಎಂದು ಹೇಳುವುದು ಪಟ್ಟಣದವರ ಮಾತಾದೀತು. ಆದರೆ ಕಳೆ ಕೀಳುವುದನ್ನು ಹತ್ತಕ್ಕೆ ಮುಗಿಸಿ, ಉಳಿದದ್ದನ್ನು ಇಳಿಹೊತ್ತಿಗೆ ಇಟ್ಟುಕೊಳ್ಳಬಹುದು. ಒತ್ತಾದ ನೇಯ್ಗೆಯ ಬಟ್ಟೆ, ತುಂಬುತೋಳಿನ ಹಳೆಯ ಅಂಗಿ, ಅಗಲ ಅಂಚಿನ ಟೋಪಿ ಅಥವಾ ಹಣೆ ಕೆನ್ನೆ ಮರೆಯಾಗುವಂತೆ ಇಳಿಬಿಟ್ಟ ಸೆರಗು, ಇವು ಯಾವ ಕ್ರೀಮಿಗೂ ಕಡಿಮೆಯಲ್ಲ. ಅನುಕೂಲವಿದ್ದವರು ಸನ್‌ಸ್ಕ್ರೀನ್ ಹಚ್ಚುವುದಾದರೆ ಎಸ್.ಪಿ.ಎಫ್. ೩೦ ಅಥವಾ ಮೇಲ್ಪಟ್ಟದ್ದನ್ನು, ಸತುವಿನ ಆಕ್ಸೈಡ್ ಇರುವುದನ್ನು ಆರಿಸಿರಿ. ಉರಿಯುವ ಚರ್ಮಕ್ಕೆ ಅದು ಒಗ್ಗುತ್ತದೆ. ಬೆವರಿಗೆ ತೊಳೆದು ಹೋಗುವುದರಿಂದ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. ಬಂಗು ಹೋಗಲೆಂದು ನಿಂಬೆಹಣ್ಣಿನ ರಸವನ್ನು ಮುಖಕ್ಕೆ ತಿಕ್ಕಿ ಬಿಸಿಲಿಗೆ ಹೋಗಲೇಬೇಡಿ. ಆ ರಸ ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಟ್ಟು, ಮೊದಲಿಗಿಂತ ಕಪ್ಪಾದ ಕಲೆಯನ್ನು ಉಳಿಸುತ್ತದೆ.

ಗಂಡಸರ ಕುತ್ತಿಗೆಯ ತುರಿಕೆಗೆ ಅನೇಕ ಸಲ ಕಾರಣ ಕಾಂಗ್ರೆಸ್ ಗಿಡ. ೧೯೫೦ರ ದಶಕದಲ್ಲಿ ಪುಣೆಯಲ್ಲಿ ಕಂಡುಬಂದ ಈ ಕಳೆ ಈಗ ಬದುವಿಲ್ಲದ ಬದುವಿಲ್ಲ ಎನ್ನುವಂತೆ ಹಬ್ಬಿದೆ. ಅದರಲ್ಲಿರುವ ಪಾರ್ಥೆನಿನ್ ಎಂಬ ಪದಾರ್ಥ ಒಣಗಿದ ಎಲೆಯ ಧೂಳಿನೊಡನೆ ಗಾಳಿಯಲ್ಲಿ ಹಾರಿ ಮುಖ, ರೆಪ್ಪೆ, ಕುತ್ತಿಗೆ, ಮೊಣಕೈ ಸಂದುಗಳಲ್ಲಿ ಕೂರುತ್ತದೆ. ವರ್ಷಗಟ್ಟಲೆ ಏನೂ ಆಗದೆ ಇದ್ದವರಿಗೂ ನಡುವಯಸ್ಸಿನಲ್ಲಿ ಒಮ್ಮೆಲೆ ಒಗ್ಗದೆ ಹೋಗುತ್ತದೆ. ಒಮ್ಮೆ ಹತ್ತಿದ ಮೇಲೆ ಸುಲಭವಾಗಿ ಬಿಡುವುದಿಲ್ಲ. ಇದಕ್ಕೆ ಮುಲಾಮಿಗಿಂತ ಮೊದಲು ಗಿಡ ಹೋಗಬೇಕು. ಹೂ ಬಿಡುವ ಮುಂಚೆ, ನೆಲ ಹಸಿಯಿರುವಾಗ, ಕೈಚೀಲ ಹಾಕಿ ಬೇರು ಸಹಿತ ಕೀಳಿರಿ. ತುರಿಕೆ ಇರುವವರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಬೇಕು. ೧೯೮೪ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟ ಮೆಕ್ಸಿಕೋ ದೇಶದ ದುಂಬಿಯು ಮಳೆಗಾಲದಲ್ಲಿ ಇದರ ಎಲೆಯನ್ನು ತಿನ್ನುತ್ತದೆ. ಮಾಸಲು ಬಿಳುಪಿನ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಆ ದುಂಬಿಯನ್ನು ಕಂಡರೆ ಕೊಲ್ಲಬೇಡಿ.

ಈಗ ಸಂತೆಯ ಕ್ರೀಮಿನ ವಿಷಯ. ಒಬ್ಬ ತಾಯಿ ಬಂಗು ಹೋಗಲೆಂದು ಸಣ್ಣ ಟ್ಯೂಬೊಂದನ್ನು ಕೊಂಡು ಹಚ್ಚಿದರು. ಹತ್ತು ದಿನಗಳಲ್ಲಿ ಮುಖ ತಿಳಿಯಾಯಿತು. ನೆರೆಯ ನಾಲ್ವರೂ ತರಿಸಿಕೊಂಡರು. ಆರು ತಿಂಗಳಿಗೆ ಕೆನ್ನೆ ಕೆಂಪಾಗಿ, ಕೆಂಪು ನರಗಳು ಎದ್ದು ಕಾಣಲಾರಂಭಿಸಿದವು. ಗಲ್ಲದ ಮೇಲೆ ಕೂದಲು ಬಂದಿತು. ಹಚ್ಚುವುದನ್ನು ನಿಲ್ಲಿಸಿದರೆ ಬೆಂಕಿ ಸುರಿದಂತೆ ಉರಿ. ಉರಿ ತಾಳದೆ ಮತ್ತೆ ಅದನ್ನೇ ಹಚ್ಚಿದರು. ಆ ಟ್ಯೂಬಿನಲ್ಲಿ ಇದ್ದದ್ದು ಸ್ಟಿರಾಯ್ಡ್ ಔಷಧಿ. ವೈದ್ಯರು ನೋಡಿ, ಇಷ್ಟು ದಿನವೆಂದು ಗೊತ್ತುಪಡಿಸಿ ಕೊಟ್ಟರೆ ಅದು ಒಳ್ಳೆಯ ಔಷಧಿಯೇ. ಆದರೆ ಬಿಳುಪಿಗಾಗಿ ತಿಂಗಳುಗಟ್ಟಲೆ ಹಚ್ಚಿದರೆ ಮೊದಲೇ ತೆಳುವಾಗುತ್ತಿರುವ ನಡುವಯಸ್ಸಿನ ಚರ್ಮವನ್ನು ಈರುಳ್ಳಿ ಸಿಪ್ಪೆಯಂತೆ ಮಾಡುತ್ತದೆ. ೨೦೧೮ರಲ್ಲಿ ಭಾರತ ಸರ್ಕಾರವು ಇಂಥ ಹದಿನಾಲ್ಕು ಔಷಧಿಗಳ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಗೊತ್ತುಪಡಿಸಿತು. ಆದರೂ ಕೇಳಿದವರಿಗೆ ಕೊಡುವ ಅಂಗಡಿಗಳಿವೆ. ಹೆಸರು, ವಿಳಾಸವಿಲ್ಲದ ಕೆಲವು ಬಿಳುಪು ಕ್ರೀಮುಗಳಲ್ಲಿ ಪಾದರಸವೂ ಇರುತ್ತದೆ. ಅದು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ತಾಯಿಯ ಕೈ, ಹಾಸಿಗೆಗಳಿಂದ ಮಕ್ಕಳಿಗೂ ತಗಲುತ್ತದೆ.

ಕೀಟನಾಶಕ ಕೊಳ್ಳುವಾಗ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ನೋಡಲು ನೀವು ಕಲಿತಿದ್ದೀರಿ. ಮುಖಕ್ಕೆ ಹಚ್ಚುವುದನ್ನು ಕೊಳ್ಳುವಾಗಲೂ ಹಾಗೆಯೇ ಓದಬೇಕು. ತಯಾರಿಸಿದವರ ವಿಳಾಸ, ಪರವಾನಗಿ ಸಂಖ್ಯೆ, ತಯಾರಿಕೆಯ ತಿಂಗಳು, ಒಳಗಿನ ಪದಾರ್ಥಗಳ ಪಟ್ಟಿ, ಇವುಗಳಲ್ಲಿ ಯಾವುದು ಇಲ್ಲದಿದ್ದರೂ ಬಿಟ್ಟುಬಿಡಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟಿರಾಯ್ಡ್. ಮರ್ಕ್ಯುರಿ ಅಥವಾ ಕ್ಯಾಲೊಮೆಲ್ ಎಂದಿದ್ದರೆ ಪಾದರಸ. ಓದಲು ಬಾರದವರು ಶಾಲೆಗೆ ಹೋಗುವ ಮಗುವಿನಿಂದ ಓದಿಸಬಹುದು. ಈಗಾಗಲೇ ಹಚ್ಚುತ್ತಿರುವವರು ನಾಚದೆ ಆ ಟ್ಯೂಬನ್ನೇ ಕೈಯಲ್ಲಿ ಹಿಡಿದು ವೈದ್ಯರ ಬಳಿಗೆ ಹೋಗಿರಿ. ನಿಲ್ಲಿಸುವ ಕ್ರಮವನ್ನು ಅವರೇ ಹೇಳಬೇಕು.

ಮದುವೆ, ಜಾತ್ರೆಗಳಿಗೆ ಹೋಗುವಾಗ ಸ್ವಲ್ಪ ಅಲಂಕಾರ ಬೇಡವೇ ಎಂದರೆ, ಬೇಕು. ಐವತ್ತಾದವರು ಪೌಡರು ಹಚ್ಚಿದರೆ ನಗುವ ಸೊಸೆಯಂದಿರ ಮಾತಿಗೆ ಕಿವಿಗೊಡಬೇಡಿ. ಒಣಗಿದ ಮುಖಕ್ಕೆ ಪೌಡರನ್ನು ಬಳಿದರೆ ಅದು ಸುಕ್ಕುಗಳಲ್ಲಿ ಕೂತು ಗೆರೆಗೆರೆಯಾಗಿ ಕಾಣುತ್ತದೆ. ಮೊದಲು ಎಣ್ಣೆಯನ್ನೋ ಗ್ಲಿಸರಿನ್ ನೀರನ್ನೋ ಸವರಿ, ಹತ್ತು ನಿಮಿಷ ಬಿಟ್ಟು, ಮೈಬಣ್ಣಕ್ಕೆ ಹೊಂದುವ ಪೌಡರನ್ನು ಹಣೆ, ಮೂಗಿಗೆ ಮಾತ್ರ ತೆಳುವಾಗಿ ಒತ್ತಿದರೆ ಸಾಕು. ತುಟಿಗೆ ಮೇಲೆ ಹೇಳಿದ ಮೇಣದ ಮುಲಾಮು. ಕಾಡಿಗೆಯನ್ನು ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲಿ ಮಾಡಿದ್ದಾದರೆ ಅದರಲ್ಲಿ ಸೀಸದ ಭಯವಿಲ್ಲ. ಜಾತ್ರೆಯಲ್ಲಿ ಮಾರುವ ಸುರ್ಮದಲ್ಲಿ ಇರಬಹುದು. ಒಬ್ಬರ ಕಾಡಿಗೆ ಕಡ್ಡಿಯನ್ನು ಇನ್ನೊಬ್ಬರು ಮುಟ್ಟಕೂಡದು. ರಾತ್ರಿ ಎಷ್ಟು ಹೊತ್ತಾದರೂ ಎಣ್ಣೆ ಹಚ್ಚಿದ ಬಟ್ಟೆಯಿಂದ ಎಲ್ಲವನ್ನೂ ಒರೆಸಿ ತೊಳೆದು ಮಲಗಿರಿ.

ಹಣೆಗೆ ಅಂಟಿಸುವ ಬಿಂದಿಯ ಅಂಟಿನಲ್ಲಿರುವ ಒಂದು ರಾಸಾಯನಿಕ ಕೆಲವರಿಗೆ ಒಗ್ಗದೆ, ಮೊದಲು ತುರಿಕೆ, ಆಮೇಲೆ ಆ ಜಾಗದಲ್ಲಿ ಬಿಳಿ ಮಚ್ಚೆ ಬರುತ್ತದೆ. ತುರಿಕೆ ಕಂಡ ದಿನವೇ ಬಿಂದಿಯನ್ನು ಬಿಡಬೇಕು. ನಮ್ಮ ಅಜ್ಜಿಯರು ಹಣೆಗೆ ಮೊದಲು ಮೇಣ ತೀಡಿ ಅದರ ಮೇಲೆ ಕುಂಕುಮ ಇಡುತ್ತಿದ್ದರು. ಕುಂಕುಮ ನಿಲ್ಲಲೆಂದು ಮಾಡಿದ ಆ ಉಪಾಯದಿಂದ ಬಣ್ಣ ನೇರವಾಗಿ ಚರ್ಮಕ್ಕೆ ತಗಲದೆಯೂ ಇರುತ್ತಿತ್ತು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ಎಲ್ಲರೂ ಬಲ್ಲ ಸಂಗತಿ. ಹೀಗೆ ಅರಿಶಿನದಿಂದ ಮಾಡಿದ ಕುಂಕುಮವನ್ನು ಕೇಳಿ ಕೊಳ್ಳಿರಿ, ಬಣ್ಣದ ಪುಡಿಯನ್ನಲ್ಲ. ಮುಖಕ್ಕೆ ಅರಿಶಿನ ಹಚ್ಚುವವರು ಮನೆಯಲ್ಲಿ ಬೆಳೆದು ಕುಟ್ಟಿದ್ದನ್ನೇ ಬಳಸುವುದು ಲೇಸು.

ತಲೆಗೆ ಕಪ್ಪು ಹಚ್ಚುವ ಗಂಡಸರಿಗೂ ಹೆಂಗಸರಿಗೂ ಒಂದು ಮಾತು. ಆ ಬಣ್ಣದಲ್ಲಿರುವ ಪಿ.ಪಿ.ಡಿ. ಎಂಬ ಪದಾರ್ಥದಿಂದ ಕೆಲವರ ಮುಖ, ಕಣ್ಣುಗಳು ಊದಿಕೊಳ್ಳುತ್ತವೆ. ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಎರಡು ದಿನ ನೋಡಬೇಕು. ಹತ್ತು ವರ್ಷ ಒಗ್ಗಿದವರಿಗೂ ಹನ್ನೊಂದನೆಯ ವರ್ಷ ಒಗ್ಗದಿರಬಹುದಾದ್ದರಿಂದ ಪ್ರತಿ ಸಲವೂ ಈ ಪರೀಕ್ಷೆ ಅಗತ್ಯ. ಕಪ್ಪು ಗೋರಂಟಿ ಎಂದು ಮಾರುವುದರಲ್ಲಿಯೂ ಇದೇ ಪದಾರ್ಥ ಇರುತ್ತದೆ. ಮನೆಯ ಗಿಡದ ಗೋರಂಟಿ ಕೆಂಪಾಗುತ್ತದೆಯೇ ಹೊರತು ಕಪ್ಪಾಗುವುದಿಲ್ಲ.

ಎಣ್ಣೆ ಹಚ್ಚಿದರೂ ನಿಲ್ಲದ ಮೈತುರಿಕೆ ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ದೋಷದ ಸೂಚನೆಯಾಗಿರಬಹುದು. ಸ್ಪರ್ಶ ತಿಳಿಯದ ಮಾಸಲು ಮಚ್ಚೆ ಕುಷ್ಠದ ಮೊದಲ ಗುರುತಾಗಿರಬಹುದು. ಅದರ ಔಷಧಿಯನ್ನು ಸರ್ಕಾರವು ಉಚಿತವಾಗಿ ಕೊಡುತ್ತದೆ, ಬೇಗ ಹೋದವರಿಗೆ ಯಾವ ಊನವೂ ಉಳಿಯುವುದಿಲ್ಲ. ತಿಂಗಳಾದರೂ ಮಾಯದ ಹುಣ್ಣು, ಬಣ್ಣ ಬದಲಿಸಿ ಬೆಳೆಯುತ್ತಿರುವ ಮಚ್ಚೆ ಇದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿರಿ. ಒಬ್ಬರೇ ಹೋಗಲು ಸಂಕೋಚಪಡುವ ತಾಯಂದಿರು ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಅವರು ಜೊತೆಗೆ ಬರುತ್ತಾರೆ.