ಶುಭ ಶುಕ್ರವಾರಕ್ಕೆ ಶುಭಾಶಯ ಹೇಳಬಹುದಾ?

(ದೃಶ್ಯ: ಮಾರಿಕಣಿವೆ ಕಟ್ಟೆ, ಮೊಬೈಲ್ ಹಿಡಿದ ಕೈ)

ಗುಡ್ ಫ್ರೈಡೇ ದಿನ ಕ್ರೈಸ್ತ ಗೆಳೆಯರಿಗೆ ‘ಹಬ್ಬದ ಶುಭಾಶಯ’ ಅಂತ ಮೆಸೇಜ್ ಹಾಕಿದ್ದೀರಾ? ಹೆಸರಲ್ಲಿ ‘ಶುಭ’ ಇದೆ ನಿಜ. ಆದ್ರೆ ಅದು ಯೇಸುವನ್ನು ಶಿಲುಬೆಗೇರಿಸಿದ ದಿನ. ಉಪವಾಸ, ಮೌನ, ಪ್ರಾರ್ಥನೆಯ ದಿನ. ಸಂಭ್ರಮ ಏನಿದ್ರೂ ಈಸ್ಟರ್ ಭಾನುವಾರಕ್ಕೆ.

(ದೃಶ್ಯ: ಹಿರಿಯೂರು ಪೇಟೆ ಬೀದಿ)

ಗೊತ್ತಿಲ್ಲದಿರೋದು ತಪ್ಪಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87 ಮಾತ್ರ. ನಮ್ಮ ಕಡೆ ಎಷ್ಟೋ ಜನರಿಗೆ ಕ್ರೈಸ್ತರು ಅಂದ್ರೆ ಕೇಕು, ಕಾನ್ವೆಂಟು, ಇಂಗ್ಲಿಷು. ಅಷ್ಟೇ.

ಇಂಗ್ಲಿಷಾ? ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ತಂದವರೇ ಮಿಷನರಿ ಹರ್ಮನ್ ಮೊಗ್ಲಿಂಗ್. 1894ರ ಕನ್ನಡ ನಿಘಂಟು ಇನ್ನೊಬ್ಬ ಮಿಷನರಿ ಕಿಟೆಲ್ ಅವರದು. ನಮ್ಮ ಚಿತ್ರದುರ್ಗದ ಕಥೋಲಿಕರು ಸೇರೋದು ಶಿವಮೊಗ್ಗ ಧರ್ಮಕ್ಷೇತ್ರಕ್ಕೆ, ಅಂದ್ರೆ ಅಲ್ಲಿನ ಬಿಷಪ್ ವ್ಯಾಪ್ತಿಗೆ. ಅದರ ಚರ್ಚುಗಳಲ್ಲಿ ಪೂಜೆ, ಪ್ರಾರ್ಥನೆ ಕನ್ನಡದಲ್ಲೂ ನಡೆಯುತ್ತೆ.

(ದೃಶ್ಯ: ನೀರಿನ ಅಲೆ)

ಹಾಗಾದ್ರೆ ಕ್ರೈಸ್ತರಾಗೋದು ಅಂದ್ರೇನು? ಹೆಸರಿಂದಲ್ಲ, ಹುಟ್ಟಿಂದಲೂ ಅಲ್ಲ. ಮೊದಲ ಹೆಜ್ಜೆ ನೀರು: ಜ್ಞಾನಸ್ನಾನ. ಕೆಲವು ಸಭೆಗಳು ಕೂಸಿನ ತಲೆಗೆ ನೀರು ಹುಯ್ತವೆ. ಕೆಲವು, ಬೆಳೆದು ಬುದ್ಧಿ ಬಂದವರನ್ನೇ ನೀರಲ್ಲಿ ಮುಳುಗಿಸಿ ಎತ್ತುತ್ತವೆ. ಕಷ್ಟ ಇರೋದು ಆಮೇಲೆ: ಪಕ್ಕದವರನ್ನ ತನ್ನಷ್ಟೇ ಪ್ರೀತಿಸಬೇಕು, ಕೇಡು ಮಾಡಿದವರನ್ನೂ ಕ್ಷಮಿಸಬೇಕು. ಪಾಲಿಸೋರೂ ಇದ್ದಾರೆ, ಎಡವೋರೂ ಇದ್ದಾರೆ.

(ದೃಶ್ಯ: ಕಟ್ಟೆ ಕೆಳಗಿನ ತೋಟ)

1907ರಲ್ಲಿ ಮುಗಿದ ಈ ಮಾರಿಕಣಿವೆ ಕಟ್ಟೆ ಕೆಳಗೆ, ಬದುವಿನಾಚೆ ಯಾರ ತೋಟ, ಏನು ಬೆಳೆ ಅಂತ ನಮಗೆ ಗೊತ್ತು. ಅವರ ನಂಬಿಕೆ ಏನು ಅಂತಾನೂ ಒಮ್ಮೆ ಕೇಳಿ. ಈ ಸಲ ಶುಕ್ರವಾರ ಮೆಸೇಜ್ ಬೇಡ. ಭಾನುವಾರ ಫೋನ್ ಮಾಡಿ.