ಆಟಕ್ಕೂ ಪಾಠಕ್ಕೂ ಒಂದೇ ಕಂಪ್ಯೂಟರ್: ರ‍್ಯಾಮ್ ಎಷ್ಟು ಬೇಕು?

"ಮಗ ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ. ಲ್ಯಾಪ್‌ಟಾಪ್ ಸಾಲಲ್ಲ, ಡೆಸ್ಕ್‌ಟಾಪೇ ಬೇಕು, ಅದರಲ್ಲಿ 64 ಜಿಬಿ ರ‍್ಯಾಮ್ ಇರಲೇಬೇಕು ಅಂತ ಹಠ ಹಿಡಿದಿದ್ದಾನೆ. ಓದೋಕಾ, ಆಟ ಆಡೋಕಾ ಅಂತ ಕೇಳಿದರೆ ಎರಡಕ್ಕೂ ಅಂತಾನೆ. ನಿಜವಾಗ್ಲೂ ಅಷ್ಟು ಬೇಕಾ?"

ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆ ಮದುವೆ ಮನೆಯಲ್ಲಿ, ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಎದುರಾಗುವ ಪ್ರಶ್ನೆ ಇದು. ಕೆಲವು ವರ್ಷಗಳ ಹಿಂದೆ ಆಗಿದ್ದರೆ "ಸ್ವಲ್ಪ ಜಾಸ್ತಿನೇ ಹಾಕಿಸಿ, ಇರಲಿ ಬಿಡಿ" ಅಂದು ಮುಗಿಸಬಹುದಿತ್ತು. ಈಗ ಹಾಗಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ದುಪ್ಪಟ್ಟನ್ನೂ ಮೀರಿ ಏರಿತು. ಜಗತ್ತಿನ ಬಹುಪಾಲು ಮೆಮೊರಿ ಚಿಪ್ ತಯಾರಿಸುವುದು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳು. ಎಐ ಡೇಟಾ ಸೆಂಟರ್‌ಗಳು ಹೆಚ್ಚು ದುಡ್ಡು ಕೊಟ್ಟು ಕೊಳ್ಳತೊಡಗಿದ ಮೇಲೆ ಕಾರ್ಖಾನೆಗಳ ಗಮನ ಅತ್ತ ಹರಿಯಿತು. ಮನೆ ಕಂಪ್ಯೂಟರ್‌ಗೆ ಅಂತ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ಹೀಗಿರುವಾಗ ಬೇಡದ 32 ಜಿಬಿ ಹೆಚ್ಚು ಕೊಂಡರೆ ಒಂದು ಸೆಮಿಸ್ಟರ್‌ನ ಹಾಸ್ಟೆಲ್ ಊಟದ ಖರ್ಚು ಸುಮ್ಮನೆ ಡಬ್ಬದಲ್ಲಿ ಕೂತಂತೆ. ಕಡಿಮೆ ಕೊಂಡರೆ ಓದಿಗೆ ಅಂತ ತಂದ ಯಂತ್ರ ಓದಿಗೇ ಆಗಲ್ಲ. ಎರಡನ್ನೂ ತಪ್ಪಿಸಲು ಇರುವ ದಾರಿ ಒಂದೇ. ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ, ಒಂದು ಪೆನ್ನು ಹಿಡಿದು ಕೂರಬೇಕು. ಒಂದೇ ಹೊತ್ತಿಗೆ ಏನೇನು ಓಡುತ್ತೆ ಅಂತ ಬರೆದು ಕೂಡಿಸಬೇಕು.

ಅಡುಗೆಮನೆಯ ಕಟ್ಟೆ

ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್ ಅಂದರೆ ಉಗ್ರಾಣ. ಸಾಮಾನೆಲ್ಲ ಅಲ್ಲಿರುತ್ತೆ. ರ‍್ಯಾಮ್ ಅಂದರೆ ಅಡುಗೆಮನೆಯ ಕಟ್ಟೆ. ಈಗ ಹೆಚ್ಚುವ ತರಕಾರಿ, ಕಲಸುವ ಹಿಟ್ಟು, ಕೈಗೆ ಬೇಕಾದ ಡಬ್ಬಿ ಎಲ್ಲ ಕಟ್ಟೆ ಮೇಲಿರಬೇಕು. ಕಟ್ಟೆ ಚಿಕ್ಕದಾದರೆ ಒಂದನ್ನು ಎತ್ತಿಟ್ಟು ಇನ್ನೊಂದನ್ನು ತರೋಕೆ ಪದೇ ಪದೇ ಉಗ್ರಾಣಕ್ಕೆ ಓಡಾಟ. ಆಟದ ಮಧ್ಯೆ ಚಿತ್ರ ತಟ್ಟನೆ ನಿಂತು ಮುಂದೆ ಹೋಗೋದು, ವಿಂಡೋ ಬದಲಿಸಿದರೆ ಪರದೆ ಬೆಳ್ಳಗಾಗೋದು ಅನೇಕ ಸಲ ಈ ಓಡಾಟದಿಂದಲೇ.

ಆದರೆ ಕಟ್ಟೆ ದೊಡ್ಡದು ಮಾಡಿದ ಮಾತ್ರಕ್ಕೆ ಒಲೆಯ ಉರಿ ಜಾಸ್ತಿಯಾಗಲ್ಲ. 16 ಜಿಬಿ ಸಾಕಾಗುವ ಆಟಕ್ಕೆ 64 ಜಿಬಿ ಕೊಟ್ಟರೆ ಆಟ ಅಷ್ಟೇ ವೇಗದಲ್ಲಿ ಓಡುತ್ತೆ. ಅಲ್ಲಿ ವೇಗ ಹೆಚ್ಚಿಸೋದು ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್.

ಬಾಡಿಗೆದಾರನ ಕೋಣೆ

ವರ್ಚುವಲ್ ಮಷಿನ್ ಅಂದರೆ ಒಂದು ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್. ವಿಂಡೋಸ್ ಇರೋ ಯಂತ್ರದಲ್ಲೇ ಕಿಟಕಿ ತೆರೆದ ಹಾಗೆ ಲಿನಕ್ಸ್ ಓಡಿಸಬಹುದು. ನೆಟ್‌ವರ್ಕಿಂಗ್, ಸೈಬರ್ ಸೆಕ್ಯುರಿಟಿ, ಕ್ಲೌಡ್ ಕಲಿಯುವ ಮಕ್ಕಳಿಗೆ ಇದು ಪ್ರಯೋಗಶಾಲೆ. ಒಳಗೆ ಏನೇ ಕೆಡಿಸಿಕೊಂಡರೂ ಮೊದಲು ತೆಗೆದಿಟ್ಟ ಸ್ನ್ಯಾಪ್‌ಶಾಟ್‌ಗೆ ಹಿಂತಿರುಗಿದರೆ ಆಯ್ತು. ಅಪ್ಪನ ಟ್ಯಾಕ್ಸ್ ಫೈಲು, ಮನೆಯ ಫೋಟೊ ಇರುವ ವಿಂಡೋಸ್ ಅದರ ಪಾಡಿಗೆ ಇರುತ್ತೆ. ವರ್ಚುವಲ್‌ಬಾಕ್ಸ್ ಮೊದಲಿಂದಲೂ ಉಚಿತ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಕೂಡ 2024ರಲ್ಲಿ ಉಚಿತವಾಯಿತು. ಹಾಗಾಗಿ ಇಲ್ಲಿ ಖರ್ಚು ಬರೋದು ಮುಖ್ಯವಾಗಿ ರ‍್ಯಾಮ್‌ನಲ್ಲಿ.

ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದೀರಿ ಅಂದುಕೊಳ್ಳಿ. ಬಾಡಿಗೆದಾರ ಊರಿಗೆ ಹೋಗಿದ್ದರೂ ಬೀಗ ಅವನದೇ. ವರ್ಚುವಲ್ ಮಷಿನ್‌ಗೆ 8 ಜಿಬಿ ಬರೆದುಕೊಟ್ಟರೆ ಸಾಮಾನ್ಯವಾಗಿ ಅಷ್ಟನ್ನೂ ಅದರ ಪಾಲಿಗೆ ಬಿಟ್ಟೇ ಲೆಕ್ಕ ಹಾಕಬೇಕು. ಹೈಪರ್-ವಿಯಂಥ ಕೆಲವು ವ್ಯವಸ್ಥೆಗಳು ಬೇಕಾದಷ್ಟೇ ಕೊಟ್ಟು ಉಳಿದದ್ದನ್ನು ವಾಪಸ್ ಪಡೆಯಬಲ್ಲವು, ಆದರೆ ಕೊಳ್ಳುವಾಗ ಅದನ್ನು ನಂಬಿ ಕೂರೋದು ಬೇಡ. ಗ್ರಾಫಿಕ್ಸ್ ಕಾರ್ಡನ್ನೇ ನೇರವಾಗಿ ವರ್ಚುವಲ್ ಮಷಿನ್‌ಗೆ ಒಪ್ಪಿಸಿ ಅದರೊಳಗೆ ಆಟ ಆಡುವವರೂ ಇದ್ದಾರೆ. ಆಗ ಅದಕ್ಕೆ ಕೊಟ್ಟ ಮೆಮೊರಿ ಪೂರ್ತಿ ಲಾಕ್. ಜೊತೆಗೆ ವ್ಯಾಲರಂಟ್‌ನಂಥ ಆಟಗಳ ಕಳ್ಳಾಟ ತಡೆಯುವ ಸಾಫ್ಟ್‌ವೇರ್ ವರ್ಚುವಲ್ ಮಷಿನ್ ಒಳಗೆ ಆಡೋಕೇ ಬಿಡಲ್ಲ. ಹೆಚ್ಚಿನವರಿಗೆ ಆಟ ಹೊರಗೆ, ಪಾಠ ಒಳಗೆ ಅನ್ನೋದೇ ಸುಲಭ.

ಕೂಡಿ ನೋಡೋಣ

ಆಟದ ಕಂಪನಿಗಳು ತಮ್ಮ ಆಟಕ್ಕೆ ಎಷ್ಟು ಮೆಮೊರಿ ಬೇಕು ಅಂತ ಪ್ರಕಟಿಸುತ್ತವೆ. ಸೈಬರ್‌ಪಂಕ್ 2077ಕ್ಕೆ ಕನಿಷ್ಠ 12, ಶಿಫಾರಸು 16 ಜಿಬಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024ಕ್ಕೆ ಕನಿಷ್ಠ 16, ಶಿಫಾರಸು 32. ಇದು ಇಡೀ ಕಂಪ್ಯೂಟರ್‌ನಲ್ಲಿ ಇರಬೇಕಾದ ಮೆಮೊರಿ. ವಿಂಡೋಸ್‌ನ ಪಾಲೂ ಅದರಲ್ಲೇ ಸೇರಿರುತ್ತೆ, ಮತ್ತೆ ಕೂಡಿಸಬೇಡಿ.

ಮೊದಲ ಲೆಕ್ಕ. ದೊಡ್ಡ ಆಟಕ್ಕೆ 16, ಹಿಂದೆ ಓಡುತ್ತಿರುವ ಒಂದು ಲಿನಕ್ಸ್ ಮಷಿನ್‌ಗೆ 4, ಒಂದು ವಿಂಡೋಸ್ ಮಷಿನ್‌ಗೆ 8. ಒಟ್ಟು 28. ಅಂದರೆ 32 ಜಿಬಿ ಸಾಕು.

ಎರಡನೇ ಲೆಕ್ಕ. ಸೈಬರ್ ಸೆಕ್ಯುರಿಟಿ ಅಭ್ಯಾಸಕ್ಕೆ ಒಂದು ವಿಂಡೋಸ್ ಸರ್ವರ್, ಎರಡು ಸಾಧಾರಣ ವಿಂಡೋಸ್, ಒಂದು ಕಾಲಿ ಲಿನಕ್ಸ್. ತಲಾ 4ರಂತೆ 16. ಹೊರಗಿನ ವಿಂಡೋಸ್, ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ಸೇರಿ 8. ಒಟ್ಟು 24. ಇದೂ 32ರೊಳಗೆ.

ಈ ಪ್ರಯೋಗಶಾಲೆಯನ್ನು ಹಾಗೇ ಓಡಲು ಬಿಟ್ಟು ದೊಡ್ಡ ಆಟವನ್ನೂ ಆಡ್ತೀನಿ ಅಂದರೆ 16 ಮತ್ತು 16 ಸೇರಿ 32 ಅಂಚಿಗೇ ಮುಟ್ಟುತ್ತೆ, ಉಸಿರಾಡೋಕೆ ಜಾಗ ಇರಲ್ಲ. ಪರಿಹಾರ ಎರಡು. ಒಂದು, ಇನ್ನೂ 32 ಜಿಬಿಗೆ ದುಡ್ಡು ಹಾಕೋದು. ಇನ್ನೊಂದು, ಆಟಕ್ಕೆ ಕೂರುವ ಮೊದಲು ಮಷಿನ್‌ಗಳ ಸ್ಥಿತಿಯನ್ನು ಸೇವ್ ಮಾಡಿ ಮುಚ್ಚೋದು. ಹಾಗೆ ಮುಚ್ಚಿದರೆ ಮೆಮೊರಿ ವಾಪಸ್ ಬರುತ್ತೆ, ಮರಳಿ ತೆರೆದಾಗ ಬಿಟ್ಟ ಜಾಗದಿಂದಲೇ ಶುರು. ಇದಕ್ಕೆ ಖರ್ಚು ಸೊನ್ನೆ.

ಹಾಗಾದರೆ 64 ಯಾರಿಗೆ? ನಾಲ್ಕೈದು ಸರ್ವರ್‌ಗಳ ಕ್ಲಸ್ಟರ್ ಕಟ್ಟಿ ದಿನವಿಡೀ ಓಡಿಸುವವರಿಗೆ, ಮನೆಯಿಂದಲೇ ಅಂಥ ಕೆಲಸ ಮಾಡುವವರಿಗೆ, ವರ್ಚುವಲ್ ಮಷಿನ್ ಒಳಗೇ ದೊಡ್ಡ ಆಟ ಆಡುವವರಿಗೆ, ಭಾರಿ ವಿಡಿಯೊ ಎಡಿಟಿಂಗ್ ಮಾಡುವವರಿಗೆ. ಬರೀ ಆಟ, ಕಾಲೇಜಿನ ಒಂದು ಚಿಕ್ಕ ಲಿನಕ್ಸ್ ಅಂದರೆ 16 ಜಿಬಿಯಲ್ಲೂ ಬೇರೆ ಬೇರೆ ಹೊತ್ತಿಗೆ ನಡೆಸಬಹುದು.

ನನ್ನ ಸೋದರತ್ತೆಯ ಮಗಳು ಹೋದ ವರ್ಷ ಇದೇ ಹಾಳೆ ಬರೆದಳು. ಅವಳ ಪಟ್ಟಿ 22 ಜಿಬಿಗೆ ನಿಂತಿತು. 64ಕ್ಕೆ ಅಂತ ಎತ್ತಿಟ್ಟಿದ್ದ ದುಡ್ಡಲ್ಲಿ 32 ಜಿಬಿ ತಗೊಂಡು, ಮಿಕ್ಕದ್ದರಲ್ಲಿ ದೊಡ್ಡ ಎಸ್‌ಎಸ್‌ಡಿ ಮತ್ತು ಒಂದು ಯುಪಿಎಸ್ ತಂದಳು. ಅವರ ಊರಲ್ಲಿ ಸಂಜೆ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಓಡುತ್ತಿರುವ ವರ್ಚುವಲ್ ಮಷಿನ್ ಹಾಗೆ ತಟ್ಟನೆ ಆರಿದರೆ ಅದರ ಡಿಸ್ಕ್ ಫೈಲ್ ಕೆಡುವ ಅಪಾಯ ಇದೆ. ಅವಳಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಯುಪಿಎಸ್ಸೇ.

ಎರಡು ಸ್ಟಿಕ್ ಇರಲಿ

ಎಷ್ಟು ಬೇಕು ಅಂತ ತೀರ್ಮಾನ ಆದಮೇಲೆ ಅದನ್ನು ಎರಡು ಭಾಗ ಮಾಡಿ ಕೊಳ್ಳಿ. 32 ಅಂದರೆ 16ರ ಎರಡು. ಮನೆ ಕಂಪ್ಯೂಟರ್‌ನ ಪ್ರೊಸೆಸರ್‌ಗೆ ಮೆಮೊರಿ ಜೊತೆ ಮಾತಾಡೋಕೆ ಎರಡು ದಾರಿ ಇರುತ್ತೆ. ಒಂದೇ ಸ್ಟಿಕ್ ಹಾಕಿದರೆ ಒಂದು ದಾರಿ ಖಾಲಿ ಬಿದ್ದು ಆಟದ ವೇಗ ಕುಗ್ಗುತ್ತೆ. ನಾಲ್ಕು ಸ್ಲಾಟ್ ಇರುವ ಮದರ್‌ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿ ಹಾಕಬೇಕು. ಬೋರ್ಡ್ ಜೊತೆ ಬರುವ ಪುಸ್ತಕದಲ್ಲಿ ಚಿತ್ರ ಇರುತ್ತೆ.

"ಈಗ ಎರಡು, ಮುಂದೆ ಇನ್ನೆರಡು ಹಾಕಿದರಾಯ್ತು" ಅನ್ನೋ ಯೋಚನೆ ಡಿಡಿಆರ್5ನಲ್ಲಿ ಅಷ್ಟು ಚೆನ್ನಾಗಿ ನಡೆಯಲ್ಲ. ರೈಜೆನ್ 7000 ಪ್ರೊಸೆಸರ್‌ಗಳಿಗೆ ಎಎಂಡಿ ಖಾತ್ರಿ ಕೊಡುವ ವೇಗ ಎರಡು ಸ್ಟಿಕ್ ಇದ್ದಾಗ 5200, ನಾಲ್ಕು ಇದ್ದಾಗ 3600. ಬೇರೆ ಬೇರೆ ಸಮಯದಲ್ಲಿ ಕೊಂಡ ಸ್ಟಿಕ್‌ಗಳು ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬೇರೆಯಾಗಿ ಹೊಂದಿಕೊಳ್ಳದೆ ಇರಬಹುದು. ಒಂದೆರಡು ವರ್ಷದಲ್ಲಿ ಹೆಚ್ಚು ಬೇಕಾಗುತ್ತೆ ಅಂತ ಖಚಿತವಾಗಿ ಗೊತ್ತಿದ್ದರೆ 24ರ ಎರಡು ಸ್ಟಿಕ್ ಸೇರಿದ 48 ಜಿಬಿ ಕಿಟ್ ಕೂಡ ಸಿಗುತ್ತೆ, ವಿಚಾರಿಸಿ.

ಪೆಟ್ಟಿಗೆ ಮೇಲಿನ ಸಂಖ್ಯೆಗಳು

ಡಿಡಿಆರ್4, ಡಿಡಿಆರ್5 ಎರಡರಲ್ಲೂ 288 ಪಿನ್, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಎಎಂಡಿಯ ಎಎಂ4 ಬೋರ್ಡ್‌ಗೆ ಡಿಡಿಆರ್4, ಎಎಂ5ಗೆ ಡಿಡಿಆರ್5. ಇಂಟೆಲ್‌ನ 12, 13, 14ನೇ ಪೀಳಿಗೆಯಲ್ಲಿ ಎರಡೂ ಬಗೆಯ ಬೋರ್ಡ್ ಇವೆ, ಬೋರ್ಡ್ ಹೆಸರು ನೋಡಿಯೇ ಕೊಳ್ಳಬೇಕು.

6000, ಸಿಎಲ್ 30 ಅಂತ ಬರೆದಿರುತ್ತೆ. ಮೊದಲನೆಯದು ವೇಗ, ಎರಡನೆಯದು ಕೇಳಿದ ಮೇಲೆ ಉತ್ತರ ಬರೋಕೆ ಕಾಯುವ ಹೆಜ್ಜೆಗಳು. ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಸಮಯ ನ್ಯಾನೊಸೆಕೆಂಡ್‌ನಲ್ಲಿ ಸಿಗುತ್ತೆ. 6000ಕ್ಕೆ ಸಿಎಲ್ 30 ಆದರೆ 10. ಹಳೆಯ ಡಿಡಿಆರ್4 3200ಕ್ಕೆ ಸಿಎಲ್ 16 ಆದರೂ 10. 5600ಕ್ಕೆ ಸಿಎಲ್ 46 ಆದರೆ 16ಕ್ಕೂ ಮೇಲೆ. ಎಎಂ5 ಯಂತ್ರದಲ್ಲಿ 6000, ಸಿಎಲ್ 30 ಅಥವಾ 36 ಒಳ್ಳೆಯ ಮಟ್ಟ. ಅದಕ್ಕಿಂತ ಮೇಲಿನ ವೇಗಕ್ಕೆ ಕೊಡುವ ದುಡ್ಡಿಗೆ ಸಿಗುವ ಲಾಭ ಬಹಳ ಕಡಿಮೆ. ವರ್ಚುವಲ್ ಮಷಿನ್‌ಗಳಿಗಂತೂ ವೇಗಕ್ಕಿಂತ ಗಾತ್ರವೇ ಮುಖ್ಯ. ಬಣ್ಣದ ದೀಪ ಇಷ್ಟವಿದ್ದರೆ ಹಾಕಿಸಿ, ಅದು ಬೆಳಗೋದು ಕೋಣೆಯನ್ನು ಮಾತ್ರ.

ಕೊಳ್ಳುವ ದಿನ

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, ನಿಮ್ಮೂರಿನ ಅಂಗಡಿಗೆ ಹೋಗಿ, ಆನ್‌ಲೈನ್‌ನಲ್ಲೇ ತರಿಸಿ, ಕೆಲವು ವಿಷಯ ನೆನಪಿರಲಿ. ಸೀಲ್ ಇರುವ ಕಿಟ್ ತಗೊಳ್ಳಿ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ, ರ‍್ಯಾಮ್‌ಗೆ ವಾರಂಟಿ ದೀರ್ಘ ಕಾಲ ಇರುತ್ತೆ, ಆಗ ಬೇಕಾಗೋದು ಇದೇ ಬಿಲ್. ಬೋರ್ಡ್ ಕಂಪನಿಯ ವೆಬ್‌ಸೈಟ್‌ನಲ್ಲಿ ಪರೀಕ್ಷಿಸಿದ ಮೆಮೊರಿಗಳ ಪಟ್ಟಿ ಇರುತ್ತೆ, ನಿಮ್ಮ ಕಿಟ್ ಅದರಲ್ಲಿದ್ದರೆ ನೆಮ್ಮದಿ. ದೊಡ್ಡ ಏರ್ ಕೂಲರ್ ಇದ್ದರೆ ಎತ್ತರದ ಸ್ಟಿಕ್ ತಗಲಬಹುದು, ಅಳತೆ ಕೇಳಿ.

ಮನೆಗೆ ತಂದ ಮೇಲೆ ಡಿಡಿಆರ್5 ಯಂತ್ರ ಮೊದಲ ಸಲ ಆನ್ ಆಗುವಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಅದು ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಿರುತ್ತೆ, ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಆಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡಿ. ಇಲ್ಲಾಂದ್ರೆ 6000ಕ್ಕೆ ದುಡ್ಡು ಕೊಟ್ಟ ಸ್ಟಿಕ್ 4800ರಲ್ಲೇ ಓಡುತ್ತಿರಬಹುದು. ಮರಳಿಸುವ ಗಡುವು ಮುಗಿಯುವ ಮೊದಲು ಒಂದು ರಾತ್ರಿ ಮೆಮ್‌ಟೆಸ್ಟ್86 ಓಡಿಸಿ. ಒಂದು ದೋಷ ತೋರಿಸಿದರೂ ಮೊದಲು ಎಕ್ಸ್‌ಪೋ ಆರಿಸಿ ಮತ್ತೆ ಪರೀಕ್ಷಿಸಿ. ಆಗಲೂ ದೋಷ ಬಂದರೆ ಬದಲಿಸಿಕೊಳ್ಳಿ.

ಮನೆಯಲ್ಲಿ ಈಗಾಗಲೇ ಒಂದು ಕಂಪ್ಯೂಟರ್ ಇದ್ದರೆ ಇಷ್ಟೆಲ್ಲ ಖರ್ಚಿಗೂ ಮೊದಲು ಇನ್ನೊಂದು ಕೆಲಸ ಮಾಡಿ. ಎಂದಿನ ಆಟ, ಎಂದಿನ ವರ್ಚುವಲ್ ಮಷಿನ್ ಓಡುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಎಷ್ಟು ಮೆಮೊರಿ ಬಳಕೆಯಲ್ಲಿದೆ, ಎಷ್ಟು ಸ್ಲಾಟ್ ಖಾಲಿ ಇವೆ ಎರಡೂ ಕಾಣುತ್ತೆ. ಒಂದು ವಾರ ಮಗನಿಗೋ ಮಗಳಿಗೋ ಹೇಳಿ ದಿನಾ ಆ ಸಂಖ್ಯೆ ಬರೆಸಿಡಿ. ಅಂಗಡಿಯವರು ಎಷ್ಟು ಜಿಬಿ ಅಂತ ಕೇಳಿದಾಗ ಆ ಹಾಳೆ ಜೇಬಲ್ಲಿರಲಿ.